ಎಡಚಿಯ ಬಲಗೈ

"ಇದನ್ನ ಯಾಕಮ್ಮ ಎಡಗೈಗೆ ಕಟ್ಟಿದೀಯ?"

2014ರ ಒಂದು ಸೋಮವಾರ ಬೆಳಿಗ್ಗೆ ನಮ್ಮ ಆರ್‌ಎಸ್‌ಓ ಸರ್ ಹಾಟ್ ಲ್ಯಾಬಿನ, ಅಂದರೆ ವಿಕಿರಣ ಸೂಸುವ ಔಷಧಿ ಕಲಸುವ ಕೋಣೆಯ, ಬಾಗಿಲಲ್ಲಿ ನಿಂತು ಹೀಗೆ ಕೇಳಿದರು. ಆರ್‌ಎಸ್‌ಓ ಅಂದರೆ ವಿಕಿರಣ ಸುರಕ್ಷತಾ ಅಧಿಕಾರಿ. ನಾನು ಮಣಿಕಟ್ಟಿನ ಬ್ಯಾಡ್ಜ್ ನೋಡಿಕೊಂಡೆ, ಕೈಗೆ ಬೀಳುವ ವಿಕಿರಣ ಅಳೆಯುವಂಥದ್ದು. ವಾಚು ಕಟ್ಟುವ ಕೈಗೆ ಕಟ್ಟಿದ್ದೆ, ಅಷ್ಟೇ. ಉಳಿದವರೂ ಹಾಗೇ ಕಟ್ಟುತ್ತಿದ್ದರು, ನಾನೂ ಕಟ್ಟಿದ್ದೆ.

"ನೀನು ಎಡಚಿ ಅಲ್ವಾ? ಸಿರಿಂಜಿಗೆ ಎಳೆಯುವಾಗ ಬಾಟಲಿ ಹಿಡಿಯೋದು ಯಾವ ಕೈಲಿ?"

ಬಲಗೈಯಲ್ಲಿ. ಬಾಯಿಂದ ಉತ್ತರ ಬರುವ ಮೊದಲೇ ವಿಷಯ ಹೊಳೆದಿತ್ತು. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಮೂರು ವರ್ಷವೂ ಆ ಬ್ಯಾಡ್ಜು ತಪ್ಪು ಕೈಯ ಲೆಕ್ಕ ಬರೆಯುತ್ತಾ ಬಂದಿತ್ತು.

ನಾನು ಮೈಸೂರಿನ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ಊರಿಗೆ ಹೋದರೆ "ಎಕ್ಸ್‌ರೇ ತೆಗೆಯೋಳು" ಅಂತಲೇ ಪರಿಚಯ ಮಾಡಿಕೊಡುತ್ತಾರೆ. ತಿದ್ದುವುದನ್ನು ಬಿಟ್ಟು ಬಹಳ ದಿನವಾಯಿತು. ಎಕ್ಸ್‌ರೇ ಯಂತ್ರಕ್ಕೆ ಸ್ವಿಚ್ ಇದೆ, ಆರಿಸಿದರೆ ಆಯಿತು. ನಮ್ಮಲ್ಲಿ ಸ್ವಿಚ್ಚೇ ಇಲ್ಲ. ರೋಗಿಯ ಮೈಗೆ ಹೋಗುವ ಔಷಧಿಯೇ ವಿಕಿರಣ ಸೂಸುತ್ತದೆ. ಅದನ್ನು ಬೆಳಿಗ್ಗೆ ಕಲಸಿ, ಅಳೆದು, ಸಿರಿಂಜಿಗೆ ತುಂಬಿಸುವವರು ನಾವು. ಅದು ಬಾಟಲಿಯಲ್ಲಿದ್ದರೂ ಸೂಸುತ್ತದೆ, ಸಿರಿಂಜಿನಲ್ಲಿದ್ದರೂ ಸೂಸುತ್ತದೆ, ಕೆಳಗೆ ಚೆಲ್ಲಿದರೂ ಸೂಸುತ್ತದೆ. ಅದರ ಪಾಡಿಗೆ ಅದು ತಣ್ಣಗಾಗಬೇಕು.

ಹೆಚ್ಚಿನ ಕೆಲಸ ನಡೆಯುವುದು ಟೆಕ್ನೀಷಿಯಂ-99ಎಂ ಎಂಬುದರಲ್ಲಿ. ಆರು ಗಂಟೆಗೆ ಅರ್ಧವಾಗುವ ಸರಕು ಇದು. ಮಾಡಿಟ್ಟುಕೊಂಡು ಕಪಾಟಿನಲ್ಲಿ ಇಡುವಂತಿಲ್ಲ. ಅದಕ್ಕೇ ಜನರೇಟರ್ ಬರುತ್ತದೆ. ಒಳಗೆ ಸೀಸದ ಗೋಡೆಯ ನಡುವೆ ಅಲ್ಯೂಮಿನಾ ತುಂಬಿದ ಪುಟ್ಟ ಕೊಳವೆ, ಅದಕ್ಕೆ ಅಂಟಿಕೊಂಡ ಮಾಲಿಬ್ಡಿನಂ-99. ಮಾಲಿಬ್ಡಿನಂ 66 ಗಂಟೆಗೆ ಅರ್ಧವಾಗುತ್ತಾ ಟೆಕ್ನೀಷಿಯಂ ಹೆರುತ್ತಾ ಇರುತ್ತದೆ. ಒಂದು ಸೂಜಿಗೆ ಸಲೈನ್ ಬಾಟಲಿ, ಇನ್ನೊಂದಕ್ಕೆ ಗಾಳಿ ತೆಗೆದ ಖಾಲಿ ಬಾಟಲಿ ಚುಚ್ಚಿದರೆ, ಸಲೈನು ಟೆಕ್ನೀಷಿಯಂ ಅನ್ನು ತೊಳೆದುಕೊಂಡು ಈಚೆ ಬರುತ್ತದೆ. ಇಡೀ ಜಗತ್ತಿನ ಹಾಟ್ ಲ್ಯಾಬುಗಳಲ್ಲಿ ಇದನ್ನು 'ಹಸು' ಅನ್ನುತ್ತಾರೆ, ಮಾಡುವ ಕೆಲಸಕ್ಕೆ 'ಹಾಲು ಕರೆಯುವುದು' ಅಂತಲೇ ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಮಾಡಿದ ಯಂತ್ರ. ಅಲ್ಲಿನವರು ನಿಜವಾದ ಹಸು ಕರೆದಿದ್ದರೋ ಇಲ್ಲವೋ, ಹೋಲಿಕೆ ಮಾತ್ರ ಪಕ್ಕಾ. ಕರೆದು ಆರು ಗಂಟೆಗೇ ಮತ್ತೆ ಕೆಚ್ಚಲಿಗೆ ಕೈ ಹಾಕಿದರೆ ಅರ್ಧ ಸಿಗುತ್ತದೆ. ಒಂದು ದಿನ ಬಿಟ್ಟರೆ ತುಂಬಿರುತ್ತದೆ. ಸೋಮವಾರ ಚೆನ್ನಾಗಿ ಕೊಟ್ಟದ್ದು ಶುಕ್ರವಾರಕ್ಕೆ ಮೂರರಲ್ಲೊಂದು ಪಾಲಿಗೆ ಬತ್ತುತ್ತದೆ.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಈ ಹಸುವನ್ನು ಕಂಡರೆ ನಗುತ್ತಿದ್ದರು. "ನಿಮ್ಮದು ಪ್ಯಾಕೆಟ್ ಹಾಲು ಕಣಮ್ಮ" ಅನ್ನುವರು. ಅವರ ಕಾಲದಲ್ಲಿ ಮುಂಬೈನಿಂದ ಬರುತ್ತಿದ್ದದ್ದು ಮಾಲಿಬ್ಡೇಟ್ ದ್ರಾವಣವೇ. ಅದಕ್ಕೆ ಎಂಇಕೆ ಎಂಬ ದ್ರಾವಕ ಬೆರೆಸಿ, ಮೇಲೆ ತೇಲುವ ಪದರವನ್ನು ಬೇರೆ ತೆಗೆದು, ದ್ರಾವಕವನ್ನು ಬಿಸಿ ಮಾಡಿ ಹಾರಿಸಿ, ತಳದಲ್ಲಿ ಉಳಿದ ಟೆಕ್ನೀಷಿಯಂಗೆ ಸಲೈನು ಹಾಕಬೇಕು. ಸೀಸದ ಇಟ್ಟಿಗೆ ಪೇರಿಸಿಕೊಂಡು, ಅದರ ಹಿಂದೆ ಕೈ ತೂರಿಸಿ, ದಿನಾ ಬೆಳಿಗ್ಗೆ. ಉಗುರು ಬಣ್ಣ ತೆಗೆಯುವ ದ್ರವದ ಜಾತಿಯ ವಾಸನೆ ಅಂಗಿಯಿಂದ ಹೋಗುತ್ತಲೇ ಇರಲಿಲ್ಲವಂತೆ. ಮನೆಯವರು ಆ ವಾಸನೆಗೆ ಹೆದರುತ್ತಿದ್ದರಂತೆ, ವಾಸನೆಯೇ ವಿಕಿರಣ ಅಂದುಕೊಂಡು. ವಿಕಿರಣಕ್ಕೊಂದು ವಾಸನೆ ಇದ್ದಿದ್ದರೆ ನನ್ನ ಮೂರು ವರ್ಷದ ಕಥೆ ಹಾಗಾಗುತ್ತಿರಲಿಲ್ಲ.

ಈಗ ಕೈಯ ವಿಷಯಕ್ಕೆ ಬರುತ್ತೇನೆ.

ನಮ್ಮ ಎದೆಯ ಮೇಲೊಂದು ಟಿಎಲ್‌ಡಿ ಎಂಬ ವಿಕಿರಣ ಅಳೆಯುವ ಬ್ಯಾಡ್ಜ್ ಇರುತ್ತದೆ. ಒಳಗೆ ಮೂರು ಬಿಳಿ ಬಿಲ್ಲೆ; ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನಿನಲ್ಲಿ ಕೂರಿಸಿದ್ದು. ಬಿದ್ದ ವಿಕಿರಣದ ಶಕ್ತಿಯನ್ನು ಅವು ಒಳಗೇ ಬಚ್ಚಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಅಳೆಯುವ ಲ್ಯಾಬಿಗೆ ಕಳಿಸಿದರೆ, ಅಲ್ಲಿ ಬಿಸಿ ಮಾಡುತ್ತಾರೆ; ಬಚ್ಚಿಟ್ಟಿದ್ದು ಬೆಳಕಾಗಿ ಹೊರಬೀಳುತ್ತದೆ, ಬೆಳಕನ್ನು ಅಳೆಯುತ್ತಾರೆ. ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಇಡೀ ಮೈಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಮಿಲಿಸೀವರ್ಟ್ ಅಂದರೆ ಮೈಗೆ ಬಿದ್ದ ವಿಕಿರಣದ, ಅಂದರೆ ಡೋಸಿನ, ಅಳತೆ. ನನ್ನ ಎದೆಯ ಬ್ಯಾಡ್ಜು ಇಷ್ಟು ವರ್ಷದಲ್ಲಿ ಒಮ್ಮೆಯೂ ವರ್ಷಕ್ಕೆ 3ರ ಮೇಲೆ ಹೋಗಿಲ್ಲ. ವರದಿ ಬಂದಾಗ ಎಲ್ಲರೂ ಅದನ್ನು ನೋಡಿ, ಸಹಿ ಹಾಕಿ, ಖುಷಿಯಾಗಿ ಫೈಲಿಗೆ ಸೇರಿಸುತ್ತೇವೆ.

ಆದರೆ ಎದೆ ಇರುವುದು ಎಲ್-ಬ್ಲಾಕಿನ ಹಿಂದೆ. ಮುಂದೆ ಸೀಸದ ಗೋಡೆ, ಮೇಲೆ ಓರೆಯಾಗಿ ಕೂರಿಸಿದ, ಸ್ವಲ್ಪ ಹಳದಿ ಛಾಯೆಯ ಸೀಸದ ಗಾಜು. ಮುಖ, ಎದೆ, ಹೊಟ್ಟೆ ಎಲ್ಲ ಕೋಟೆಯೊಳಗೆ ಭದ್ರ. ಕೈ ಎರಡೂ ಮಾತ್ರ ಗೋಡೆ ಬಳಸಿ ಆಚೆ, ನೇರ ಬಾಟಲಿಯ ಹತ್ತಿರ. ದೂರದ ಲೆಕ್ಕ ಇಲ್ಲಿ ಬಹಳ ಕ್ರೂರ. ಹತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಪಾಲು ಬೀಳುವುದಾದರೆ ಒಂದು ಸೆಂಟಿಮೀಟರಿನಲ್ಲಿ ಹೆಚ್ಚೂಕಡಿಮೆ ನೂರು ಪಾಲು. ಮಣಿಕಟ್ಟಿಗೂ ಬೆರಳ ತುದಿಗೂ ಒಂದು ಗೇಣೂ ಇಲ್ಲ, ಆದರೂ ಅವೆರಡರ ಪಾಲಿಗೆ ಬೀಳುವುದು ಬೇರೆ ಬೇರೆ.

ಅದರಲ್ಲೂ ಎರಡು ಕೈಗೂ ಸಮಪಾಲಿಲ್ಲ. ಬಲಗೈ ಬಳಸುವವರು ಪ್ಲಂಜರನ್ನು ಬಲಗೈಯಲ್ಲಿ ಎಳೆಯುತ್ತಾರೆ. ಸಿರಿಂಜಿನ ಹೊಟ್ಟೆಯನ್ನೋ ಬಾಟಲಿಯನ್ನೋ ಅಲ್ಲಾಡದ ಹಾಗೆ ಹಿಡಿಯುವುದು ಎಡಗೈ. ಕೆಲಸ ಮಾಡುವ ಕೈಗಿಂತ ಸುಮ್ಮನೆ ಹಿಡಿದುಕೊಂಡ ಕೈಗೇ ಏಟು ಜಾಸ್ತಿ. ಯೂರೋಪಿನಲ್ಲಿ 2008ರಿಂದ 2011ರವರೆಗೆ ಒರಾಮೆಡ್ ಎಂಬ ಯೋಜನೆಯಲ್ಲಿ ಹಲವು ದೇಶಗಳ ಟೆಕ್ನಾಲಜಿಸ್ಟ್‌ಗಳ ಕೈಯ ಬೇರೆ ಬೇರೆ ಜಾಗಕ್ಕೆ ಡೋಸ್ ಅಳೆಯುವ ಪುಟ್ಟ ಪುಟ್ಟ ಡೋಸಿಮೀಟರ್ ಅಂಟಿಸಿ ಅಳೆದರು. ಹೆಚ್ಚಿನವರಲ್ಲಿ ಅತಿ ಹೆಚ್ಚು ಕಂಡದ್ದು, ಅಷ್ಟಾಗಿ ಬಳಸದ ಕೈಯ ತೋರುಬೆರಳ ತುದಿಯಲ್ಲಿ. ಅಲ್ಲಿಗೇ ಡೋಸಿಮೀಟರ್ ಕಟ್ಟಿಕೊಂಡು ದಿನಾ ಕೆಲಸ ಮಾಡುವುದು ಕಷ್ಟ. ಅದಕ್ಕೆ ಅದೇ ಬೆರಳಿನ ಬುಡಕ್ಕೆ ಉಂಗುರ ಹಾಕಿ, ಬಿಲ್ಲೆ ಅಂಗೈ ಕಡೆ ತಿರುಗಿರಲಿ, ಬಂದ ಅಂಕಿಯನ್ನು ಆರರಿಂದ ಗುಣಿಸಿ ತುದಿಯದ್ದನ್ನು ಅಂದಾಜು ಮಾಡಿ ಅಂದರು. ಆರು ಪಟ್ಟು! ಒಂದೇ ಬೆರಳಿನ ಬುಡಕ್ಕೂ ತುದಿಗೂ.

ಕೈಗೆ ವರ್ಷದ ಮಿತಿ 500 ಮಿಲಿಸೀವರ್ಟ್. ದೊಡ್ಡ ಅಂಕಿ ಅನ್ನಿಸುತ್ತದೆ. ಮಣಿಕಟ್ಟಿನ ಬ್ಯಾಡ್ಜಿನಲ್ಲಿ ನೋಡಿದರೆ ನಾವು ಎಲ್ಲೋ ಕೆಳಗೆ ಆರಾಮಾಗಿ ಇದ್ದಂತೆಯೂ ಕಾಣುತ್ತದೆ. ತುದಿಯ ಲೆಕ್ಕ ಹಾಕಿದಾಗ ಮಾತ್ರ ಅಷ್ಟು ಆರಾಮ ಅನ್ನಿಸುವುದಿಲ್ಲ.

ಎಡಚಿಗೆ ಇದೆಲ್ಲ ಅದಲುಬದಲು. ನಮ್ಮಜ್ಜಿ ನಾಗಮಂಗಲದ ಕಡೆಯವಳು. ನನ್ನ ಎಡಗೈ ತಿದ್ದಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಳಪ ಹಿಡಿದರೆ ಗಿಣ್ಣಿನ ಮೇಲೆ ಏಟು. "ಎಡಗೈಲಿ ಈಸ್ಕೊಬ್ಯಾಡ ಕಣೇ, ಲಕ್ಷ್ಮಿ ಹೊಂಟೋಯ್ತಳೆ." ಕೊನೆಗೆ ರಾಜಿಯಾಯಿತು. ಊಟ, ಪ್ರಸಾದ, ದುಡ್ಡು ಈಸಿಕೊಳ್ಳುವುದು ಬಲಗೈ. ಬರೆಯುವುದು, ಹೆಚ್ಚುವುದು, ಕಸ ಗುಡಿಸುವುದು ಎಡಗೈ. ಸಿರಿಂಜು ಯಾವ ಲೆಕ್ಕಕ್ಕೂ ಬರದ ವಸ್ತುವಾದ್ದರಿಂದ ಎಡಗೈ ಪಾಲಿಗೆ ಬಂತು. ಹಾಗಾಗಿ ಬಾಟಲಿ ಹಿಡಿಯುವ ಕೆಲಸ ಅಜ್ಜಿ ಅಷ್ಟು ಕಾಪಾಡಿದ ಊಟದ ಕೈಗೆ.

ಹಾಟ್ ಲ್ಯಾಬಿನಲ್ಲಿ ಎಲ್ಲವೂ ಬಲಗೈಯವರಿಗೆ ಜೋಡಿಸಿದ್ದು. ಸಿರಿಂಜು ಇಳಿಸಿ ಔಷಧಿಯ ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರಿನ ಬಾವಿ ಬಲಕ್ಕೆ, ಕಸದ ಸೀಸದ ಡಬ್ಬಿ ಬಲಕ್ಕೆ. ನಾನು ಎಡಗೈಯಲ್ಲಿ ತುಂಬಿದ ಸಿರಿಂಜನ್ನು ಎದೆಯ ಮುಂದಿನಿಂದ ದಾಟಿಸಿ ಬಲಕ್ಕೆ ಒಯ್ಯಬೇಕಿತ್ತು. ಬಾರಿಗೆ ಎರಡೋ ಮೂರೋ ಸೆಕೆಂಡು. ದಿನಕ್ಕೆ ಹದಿನೈದು ಇಪ್ಪತ್ತು ಸಿರಿಂಜು, ವಾರಕ್ಕೆ ಆರು ದಿನ. ಬ್ಯಾಡ್ಜಿನ ಪ್ರಸಂಗ ಆದಮೇಲೆ ಆರ್‌ಎಸ್‌ಓ ಸರ್ ಒಂದು ಸ್ಟೂಲ್ ಹಾಕಿಕೊಂಡು ಅರ್ಧ ದಿನ ನನ್ನ ಕೈಯನ್ನೇ ನೋಡುತ್ತಾ ಕೂತರು. ಬಯ್ಯಲಿಲ್ಲ. ಮಾರನೇ ದಿನ ಕಸದ ಡಬ್ಬಿ ಎಡಕ್ಕೆ ಬಂದಿತ್ತು. ನನ್ನ ಪಾಳಿಯ ದಿನ ಎಡಕ್ಕೆ, ಬೇರೆಯವರ ದಿನ ಬಲಕ್ಕೆ. ಆ ಡಬ್ಬಿ ನೂಕಿ ನೂಕಿ ಹೌಸ್‌ಕೀಪಿಂಗ್ ಅಣ್ಣ ನನಗೆ ಹಾಕಿದ ಶಾಪ ನನಗೂ ಗೊತ್ತು.

ಸಿರಿಂಜ್ ಶೀಲ್ಡಿನ ವಿಷಯ ಹೇಳದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಟಂಗ್‌ಸ್ಟನ್ನಿನ ಕೋಟು ಅದು. ಸಿರಿಂಜನ್ನು ಒಳಗೆ ತೂರಿಸಿದರೆ ಬೆರಳಿಗೂ ಔಷಧಿಗೂ ನಡುವೆ ಲೋಹ ಬರುತ್ತದೆ. ಟೆಕ್ನೀಷಿಯಂಗೆ ಎರಡು ಮಿಲಿಮೀಟರ್ ಇದ್ದರೂ ಧಾರಾಳ. ಆದರೆ ಭಾರ, ಗೆರೆ ಸರಿಯಾಗಿ ಕಾಣುವುದಿಲ್ಲ, ಸಣ್ಣ ಮಗುವಿನ ನರಕ್ಕೆ ಚುಚ್ಚುವಾಗ ಕೈ ನಡುಗಿಸುತ್ತದೆ. ಹಾಗಾಗಿ ಬಹಳ ಕಡೆ ಅದು ಟೇಬಲ್ ಮೇಲೆ ಚೆಂದಕ್ಕೆ ನಿಂತಿರುತ್ತದೆ. ನಾನೂ ಶುರುವಿನಲ್ಲಿ ಹಾಗೇ. "ಶೀಲ್ಡ್ ಹಾಕಿದರೆ ನಿಧಾನ ಆಗ್ತದೆ, ನಿಧಾನ ಆದರೆ ಡೋಸ್ ಜಾಸ್ತಿ" ಅಂತ ನಮ್ಮ ಹಿರಿಯರೊಬ್ಬರು ವಾದ ಮಾಡುತ್ತಿದ್ದರು, ನಾವು ತಲೆಯಾಡಿಸುತ್ತಿದ್ದೆವು. ವಾದದಲ್ಲಿ ಹುರುಳಿಲ್ಲ. ಎರಡು ಪಟ್ಟು ಹೊತ್ತು ಹಿಡಿದರೆ ಡೋಸು ಎರಡು ಪಟ್ಟು, ಶೀಲ್ಡ್ ಕಳೆಯುವುದು ಅದಕ್ಕಿಂತ ಎಷ್ಟೋ ಹೆಚ್ಚು. ಕೈಗೆ ಅಭ್ಯಾಸವಾದ ಮೇಲೆ ನಿಧಾನವೂ ಆಗುವುದಿಲ್ಲ. ನನಗೆ ಎರಡು ತಿಂಗಳು ಹಿಡಿಯಿತು. ಮಗುವಿಗಾದರೆ ಮೊದಲು ಕ್ಯಾನುಲಾ ಹಾಕಿ, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಸಲೈನು ಬಿಟ್ಟು ನೋಡಿ, ಆಮೇಲೆ ಔಷಧಿ ತರುತ್ತೇನೆ. ನರ ಹುಡುಕುವ ಹೊತ್ತಿನಲ್ಲಿ ಸಿರಿಂಜು ಕೈಯಲ್ಲಿರಬೇಕಾದ ಅಗತ್ಯವೇ ಇಲ್ಲ.

2016ರಲ್ಲಿ ಆ ಹನಿಯ ಘಟನೆ.

ಕಿಟ್ ಬಾಟಲಿಗೆ, ಅಂದರೆ ಟೆಕ್ನೀಷಿಯಂ ಬೆರೆಸಿ ಔಷಧಿ ಮಾಡುವ ಪುಡಿಯ ಬಾಟಲಿಗೆ, ಟೆಕ್ನೀಷಿಯಂ ಹಾಕುವಾಗ ಒಂದು ಸಣ್ಣ ನಿಯಮ ಇದೆ. ಎಷ್ಟು ಮಿಲೀ ದ್ರವ ಒಳಗೆ ಬಿಟ್ಟಿರೋ ಅಷ್ಟೇ ಗಾಳಿಯನ್ನು ಅದೇ ಸಿರಿಂಜಿಗೆ ವಾಪಸ್ ಎಳೆದುಕೊಳ್ಳಬೇಕು. ಇಲ್ಲದಿದ್ದರೆ ಒಳಗೆ ಒತ್ತಡ ಉಳಿದು, ಸೂಜಿ ಈಚೆ ತೆಗೆಯುವಾಗ ರಬ್ಬರ್ ಮುಚ್ಚಳದ ತೂತಿನಿಂದ ಚಿಮ್ಮುತ್ತದೆ. ಸಾವಿರ ಸಲ ಮಾಡಿದ ಕೆಲಸ. ಆ ದಿನ ಬೋನ್ ಸ್ಕ್ಯಾನಿನ ಕಿಟ್ ಕಲಸುತ್ತಿದ್ದೆ, ಹೊರಗೆ ಯಾರೋ ರೋಗಿಯ ಕಡೆಯವರು ರಿಸೆಪ್ಷನ್ನಿನಲ್ಲಿ ಜಗಳ ಮಾಡುತ್ತಿದ್ದರು, ಕಿವಿ ಅಲ್ಲಿತ್ತು. ಗಾಳಿ ಎಳೆದುಕೊಳ್ಳಲು ಮರೆತೆ. ಚಿಮ್ಮಿದ್ದು ಕಣ್ಣಿಗೂ ಕಾಣಲಿಲ್ಲ. ಕೈಗವಸಿನ ಮೇಲೆ ಬಿದ್ದಿರಬೇಕು. ಕೆಲಸ ಮುಗಿಸಿ ಅವಸರದಲ್ಲಿ ಗವಸು ಕಿತ್ತಾಗ ಅದರ ಹೊರಮೈ ಬಲಗೈ ಹೆಬ್ಬೆರಳಿಗೆ ತಾಗಿದೆ.

ಬಾಗಿಲ ಹತ್ತಿರ ಮೈಗೆ ಅಂಟಿದ ವಿಕಿರಣವಸ್ತು ಪತ್ತೆ ಮಾಡುವ ಕಂಟಾಮಿನೇಷನ್ ಮಾನಿಟರ್ ಇದೆ, ಹೊರಗೆ ಹೋಗುವ ಮೊದಲು ಎರಡು ಕೈ ತೋರಿಸಬೇಕು. ಎಡಗೈಗೆ ಅಲ್ಲೊಂದು ಇಲ್ಲೊಂದು ಟಕ್. ಬಲಗೈ ಇಟ್ಟೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಶುರುವಾಯಿತು.

ಇಂಥ ಹೊತ್ತಲ್ಲಿ ಮನಸ್ಸು ಹೇಳುವುದು ಬ್ರಷ್ ತಗೊಂಡು ತಿಕ್ಕು ಅಂತ. ತಿಕ್ಕಬಾರದು. ಚರ್ಮ ಗೀರಿದರೆ ಅದು ಒಳಗೆ ಹೋಗಲು ದಾರಿ. ಬಿಸಿನೀರೂ ಬೇಡ. ಉಗುರುಬೆಚ್ಚಗಿನ ನೀರು, ಸಾದಾ ಸೋಪು, ಮೆತ್ತಗೆ, ಅಂಚಿನಿಂದ ನಡುವಿಗೆ. ತೊಳೆದು, ಒತ್ತಿ ಒರೆಸಿ, ಮತ್ತೆ ಮಾನಿಟರಿಗೆ ತೋರಿಸಬೇಕು. ಮೊದಲ ಸಲಕ್ಕೆ ಅರ್ಧಕ್ಕಿಂತ ಇಳಿಯಿತು. ಎರಡನೇ ಸಲ ಇನ್ನಷ್ಟು. ಮೂರು, ನಾಲ್ಕು ಸಲಕ್ಕೆ ಇಳಿಯುವುದು ನಿಂತಿತು. ಹೆಬ್ಬೆರಳ ಗೆರೆಯೊಳಗೆ ಒಂಚೂರು ಕೂತುಬಿಟ್ಟಿತ್ತು. ಆರ್‌ಎಸ್‌ಓ ಸರ್ ಅಳೆದು, ಬರೆದುಕೊಂಡು, "ಇನ್ನು ತೊಳೆಯೋದು ಬೇಡ, ಗವಸು ಹಾಕ್ಕೊಂಡು ಟೇಪ್ ಸುತ್ಕೊ, ಬೆವರಿದರೆ ಬಿಟ್ಕೊಳ್ತದೆ. ಬೆಳಿಗ್ಗೆ ತೋರಿಸು" ಅಂದರು. ಆಮೇಲೆ ಬಾಗಿಲ ತನಕ ಹೋದವರು ತಿರುಗಿ, "ಊಟ ಆ ಕೈಲಿ ಮಾಡಬೇಡ" ಅಂದರು.

ಮನೆಯಲ್ಲಿ ಆ ವಾರ ಅಜ್ಜಿ ಬಂದಿದ್ದಳು. ರಾತ್ರಿ ಮುದ್ದೆ, ಬಸ್ಸಾರು. ತಟ್ಟೆ ಮುಂದೆ ಕೂತು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಮುದ್ದೆ ಮುರಿದೆ.

ಅಜ್ಜಿ ತನ್ನ ತುತ್ತು ಅಲ್ಲೇ ನಿಲ್ಲಿಸಿದಳು. "ಏನೇ ಅದು?"

"ಕೈಗೆ ಔಷ್ದಿ ತಾಗದೆ ಅಜ್ಜಿ. ನಾಳಿಕ್ಕೆ ಹೋಯ್ತದೆ."

"ಎಡಗೈಲಿ ಉಣ್ಣೋ ಹಂಗ್ ಮಾಡೋ ಕೆಲ್ಸ, ಅದೂ ಒಂದ್ ಕೆಲ್ಸವಾ?"

ಚಮಚ ಕೊಡಬಹುದಿತ್ತು, ಅವ್ವ ಎದ್ದಳು ಕೂಡ. ಮುದ್ದೆಗೆ ಚಮಚ ಅನ್ನುವುದು ಅಜ್ಜಿಯ ಪಾಲಿಗೆ ಎಡಗೈಗಿಂತ ದೊಡ್ಡ ಅಪಚಾರ. ಅವಳೇ ತನ್ನ ತಟ್ಟೆ ಎಳೆದುಕೊಂಡು ಹತ್ತಿರ ಬಂದಳು, ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನನ್ನ ಬಾಯಿಗೆ ಹಿಡಿದಳು. ನನಗಾಗ ಮೂವತ್ತು ದಾಟಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಬೇರೆ: ಸಂಜೆ ನಾಲ್ಕಕ್ಕೆ ತಾಗಿದ್ದು, ಈಗ ಒಂಬತ್ತು, ರಾತ್ರಿ ಹತ್ತಕ್ಕೆ ಅರ್ಧ ಆಗುತ್ತದೆ, ಅಜ್ಜಿ ಕೂತಿರುವುದು ಬಲಕ್ಕೆ. "ಈ ಕಡೆ ಬಾ ಅಜ್ಜಿ" ಅಂತ ಎಡಕ್ಕೆ ಕೂರಿಸಿಕೊಂಡೆ. ಆ ಒಂಚೂರಿನಿಂದ ಅಜ್ಜಿಗೆ ಏನೂ ಆಗುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಎಡಕ್ಕೆ ಕೂರಿಸಿಕೊಂಡೆ.

ಬೆಳಿಗ್ಗೆ ಎಂಟಕ್ಕೆ ಗವಸು ತೆಗೆದೆ, ಬೆರಳೆಲ್ಲ ನೀರಲ್ಲಿ ನೆನೆಸಿದ ಹಾಗೆ ಬಿಳಚಿ ಸುಕ್ಕಾಗಿತ್ತು. ಹದಿನಾರು ಗಂಟೆಗೆ ತಾನಾಗೇ ಆರರಲ್ಲೊಂದು ಪಾಲಾಗಿರಬೇಕು, ಬೆವರಿನಲ್ಲಿ ಹೋದದ್ದು ಬೇರೆ. ಒಮ್ಮೆ ತೊಳೆದು ಮಾನಿಟರಿಗೆ ಇಟ್ಟರೆ ಸದ್ದಿಲ್ಲ. ಟೆಕ್ನೀಷಿಯಂ ಅಷ್ಟರಮಟ್ಟಿಗೆ ಒಳ್ಳೆಯದು. ಶುಕ್ರವಾರ ಸಂಜೆ ಕಟ್ಟಿಟ್ಟ ಅದರ ಕಸ ಸೋಮವಾರ ಬೆಳಿಗ್ಗೆ ಹತ್ತು ಅರ್ಧಾಯು ಕಳೆದು ಬರೀ ಕಸವಾಗಿರುತ್ತದೆ. ಅದೇ ಜಾಗದಲ್ಲಿ ಥೈರಾಯ್ಡ್ ರೋಗಿಗಳಿಗೆ ಕೊಡುವ ಅಯೋಡಿನ್-131 ಇದ್ದಿದ್ದರೆ ಎಂಟು ದಿನಕ್ಕೆ ಅರ್ಧ, ಹತ್ತು ಅರ್ಧಾಯುವಿಗೆ ಎಂಬತ್ತು ದಿನ. ಅದು ಆವಿಯಾಗಿ ಮೂಗಿಗೂ ಹೋಗುತ್ತದೆ, ಒಳಗೆ ಹೋದರೆ ನೇರ ಥೈರಾಯ್ಡಿಗೆ. ಅದಕ್ಕೇ ಅದನ್ನು ಮುಟ್ಟುವುದು ಆವಿ ಎಳೆದುಕೊಳ್ಳುವ ಫ್ಯೂಮ್ ಹುಡ್ಡಿನೊಳಗೆ ಮಾತ್ರ, ಮುಟ್ಟಿದ ಮೇಲೆ ರೋಗಿಗಳಿಗೆ ಅಳೆಯುವ ಪ್ರೋಬನ್ನೇ ನಮ್ಮ ಕುತ್ತಿಗೆಗೂ ಹಿಡಿದು ನೋಡಿಕೊಳ್ಳುತ್ತೇವೆ.

2017ರ ಕೊನೆಯಲ್ಲಿ ನಾನು ಬಸುರಿ ಅಂತ ತಿಳಿದ ದಿನವೇ ಬರೆದು ಕೊಟ್ಟೆ. ಆಮೇಲೆ ಹೊಟ್ಟೆಯ ಮಗುವಿಗೆ ಒಟ್ಟು 1 ಮಿಲಿಸೀವರ್ಟ್ ಮಿತಿ. ಮಗುವಿನ ಥೈರಾಯ್ಡು ಮೂರನೇ ತಿಂಗಳ ಹೊತ್ತಿಗೆ ಅಯೋಡಿನ್ ಹೀರಲು ಶುರುಮಾಡುತ್ತದೆ, ಹಾಗಾಗಿ ಹಾಟ್ ಲ್ಯಾಬಿನ ಬಾಗಿಲೇ ಬಂದ್. ಕಂಪ್ಯೂಟರ್ ಮುಂದೆ ಕೂತು ಇಮೇಜ್ ಪ್ರೊಸೆಸ್ ಮಾಡುತ್ತಿದ್ದೆ. ಆ ಏಳೆಂಟು ತಿಂಗಳು ಪಾಳಿ ಹಂಚಿಕೊಂಡ ಇಬ್ಬರ ಕೈಗೆ ನನ್ನ ಪಾಲಿನದೂ ಬಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ, ಯಾವ ವರದಿಯಲ್ಲೂ ಆ ಕಾರಣ ಬರೆಯಲಿಲ್ಲ. ಅವರಿಬ್ಬರ ಮಣಿಕಟ್ಟಿನ ಅಂಕಿ ಆ ವರ್ಷ ಯಾಕೆ ಏರಿತು ಅನ್ನುವುದು ನಮ್ಮ ಮೂವರಿಗೆ ಗೊತ್ತು.

ಮಗಳನ್ನು ಹೆತ್ತು ವಾಪಸ್ ಬಂದ ಕೆಲವು ತಿಂಗಳಿಗೆ ಪೆಟ್ ಸ್ಕ್ಯಾನರ್ ಬಂತು, ಅದರ ಜೊತೆ ಅದಕ್ಕೆ ಬೇಕಾದ ಔಷಧಿ ಎಫ್‌ಡಿಜಿ, ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಇದರ ಸಂಗತಿಯೇ ಬೇರೆ. ಟೆಕ್ನೀಷಿಯಂನ ಕಿರಣ 140 ಕಿಲೋ ಎಲೆಕ್ಟ್ರಾನ್ ವೋಲ್ಟಿನದು, ಕಾಲು ಮಿಲಿಮೀಟರ್ ಚಿಲ್ಲರೆ ಸೀಸ ಅದನ್ನು ಅರ್ಧ ಮಾಡುತ್ತದೆ. ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರದು 511. ಅರ್ಧ ಮಾಡಲು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಸೀಸ ಬೇಕು. ನಾವು ಮೈಮೇಲೆ ಹೊರುವ ಅರ್ಧ ಮಿಲಿಮೀಟರ್ ಏಪ್ರನ್ ಇದರ ಮುಂದೆ ಮಳೆಗೆ ಹಿಡಿದ ಸೀರೆ ಸೆರಗು. ಆದರೂ ಹೊಸಬರು ಏಪ್ರನ್ ಹಾಕಿಕೊಂಡು ಧೈರ್ಯವಾಗಿ ನಿಧಾನಕ್ಕೆ ಕೆಲಸ ಮಾಡುತ್ತಾರೆ. ಅದಕ್ಕಿಂತ ಏಪ್ರನ್ ಬಿಚ್ಚಿಟ್ಟು ಬೇಗ ಮುಗಿಸಿ ದೂರ ಸರಿಯುವುದು ಮೇಲು. ಸಿರಿಂಜ್ ಶೀಲ್ಡು ಇದಕ್ಕೆ ಐದು ಮಿಲಿಮೀಟರ್ ಟಂಗ್‌ಸ್ಟನ್, ಕೈ ಸೋಲುವಷ್ಟು ಭಾರ.

ಎಫ್‌ಡಿಜಿ ನಮಗೆ ಬರುವುದು ಬೆಂಗಳೂರಿನ ಸೈಕ್ಲೋಟ್ರಾನ್ ಎಂಬ, ಫ್ಲೋರಿನ್-18 ತಯಾರಿಸುವ ಯಂತ್ರ ಇರುವಲ್ಲಿಂದ, ಕಾರಿನಲ್ಲಿ. 110 ನಿಮಿಷಕ್ಕೆ ಅರ್ಧವಾಗುವ ಸರಕು. ಹಳೇ ರಸ್ತೆಯ ಕಾಲದಲ್ಲಿ ರಾಮನಗರ, ಮದ್ದೂರು, ಮಂಡ್ಯದ ಸಿಗ್ನಲ್ಲುಗಳನ್ನೆಲ್ಲ ದಾಟಿ, ಪ್ಯಾಕು ಇಳಿಸಿ, ಕಾಗದ ಪತ್ರ ಮುಗಿಯುವ ಹೊತ್ತಿಗೆ ಮೂರೂವರೆ ಗಂಟೆ ಅಂದರೆ ಹೊರಟಿದ್ದರ ಕಾಲುಪಾಲು ಉಳಿದಿರುತ್ತಿತ್ತು. ಯಾವ ದಿನ ಎಷ್ಟು ಹೊತ್ತಾದೀತೋ ಅಂತ ಹೆದರಿ ಒಂದಿಷ್ಟು ಜಾಸ್ತಿಯೇ ಹೇಳಿ ತರಿಸುತ್ತಿದ್ದೆವು. ರಸ್ತೆ ಖಾಲಿ ಇದ್ದ ದಿನ ಕಾರು ಬೇಗ ಬಂದುಬಿಡುತ್ತಿತ್ತು. ಆ ದಿನ ಬಾಟಲಿ ಸುಡು ಸುಡು. ರೋಗಿಗೆ ಕೊಡುವುದು ಅಷ್ಟೇ, ಆದರೆ ಎದುರಿಗಿರುವ ಬಾಟಲಿಯಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. 2023ರ ಮಾರ್ಚಿನಲ್ಲಿ 118 ಕಿಲೋಮೀಟರಿನ ದಶಪಥ ಉದ್ಘಾಟನೆಯಾದ ಮೇಲೆ ಕಾರು ಬರುವ ಹೊತ್ತು ಹೆಚ್ಚೂಕಡಿಮೆ ಗೊತ್ತಿರುತ್ತದೆ. ಜಾಸ್ತಿ ತರಿಸುವುದು ಕಡಿಮೆಯಾಯಿತು. ಟೋಲಿಗೆ ಎಲ್ಲರೂ ಬಯ್ದರು, ನಾನೂ ಊರಿಗೆ ಹೋಗುವಾಗ ಬಯ್ಯುತ್ತೇನೆ. ಬೆಳಿಗ್ಗೆ ಎಂಟಕ್ಕೆ ಸೀಸದ ಡಬ್ಬಿ ಬಿಚ್ಚುವಾಗ ಮಾತ್ರ ಆ ರಸ್ತೆಯ ಮೇಲೆ ನನಗೆ ಪ್ರೀತಿಯಿದೆ.

ಉಂಗುರ ಡೋಸಿಮೀಟರು ನಮ್ಮ ಕೈಗೆ ಬಂದದ್ದೂ ಪೆಟ್ ಬಂದ ಮೇಲೆಯೇ. ಒಂದೆರಡು ತಿಂಗಳ ಅಳತೆಗೆ ಅಂತ ತರಿಸಿದ್ದು. ಗವಸಿನ ಒಳಗೆ, ಬಲ ತೋರುಬೆರಳಿನ ಬುಡಕ್ಕೆ, ಬಿಲ್ಲೆ ಅಂಗೈ ಕಡೆ. ಮೊದಲ ವಾರ ಇಬ್ಬರು ಅದನ್ನು ಉಂಗುರದ ಹರಳಿನ ಹಾಗೆ ಹೊರಗೆ ತಿರುಗಿಸಿ ಹಾಕಿಕೊಂಡಿದ್ದರು. ಪಾಪ, ಉಂಗುರ ಅಂದರೆ ಎಲ್ಲರೂ ಹಾಗೇ ಅಲ್ಲವೇ ಹಾಕುವುದು. ವರದಿ ಬಂದಾಗ ನನ್ನ ಬೆರಳ ಬುಡದ ಅಂಕಿ ಮಣಿಕಟ್ಟಿನದರ ನಾಲ್ಕು ಪಟ್ಟಿನ ಮೇಲಿತ್ತು. ಅದನ್ನು ಆರರಿಂದ ಗುಣಿಸಿ, ವರ್ಷಕ್ಕೆ ಹರಡಿ ನೋಡಿದೆ. ಮಿತಿಯೊಳಗೇ ಇತ್ತು, ಆದರೆ ಎದೆಯ ಬ್ಯಾಡ್ಜಿನ ವರದಿಗೆ ಖುಷಿಯಾಗಿ ಸಹಿ ಹಾಕಿದ ಹಾಗೆ ಇದಕ್ಕೆ ಹಾಕಲು ಆಗಲಿಲ್ಲ. ಆ ಕಾಗದವನ್ನೇ ಹಿಡಿದುಕೊಂಡು ಹೋಗಿ ತಾನೇ ಅಳೆದು ತುಂಬುವ ಯಂತ್ರ ಕೇಳಿದೆವು. ಬಜೆಟ್ ಇಲ್ಲ ಅಂದರು. ಮಾರನೇ ವರ್ಷವೂ ಅಂದರು. ಸದ್ಯಕ್ಕೆ ಉದ್ದನೆಯ ಇಕ್ಕಳ ಕೊಡಿಸಿದ್ದಾರೆ. ಇಕ್ಕಳ ಕಡಿಮೆಯದೇನಲ್ಲ. ಬಾಟಲಿಯನ್ನು ಬೆರಳಲ್ಲಿ ಎತ್ತುವುದಕ್ಕೂ ಒಂದು ಗೇಣು ದೂರದಿಂದ ಎತ್ತುವುದಕ್ಕೂ ಇರುವ ವ್ಯತ್ಯಾಸ ಆಗಲೇ ಹೇಳಿದೆ. ಯಂತ್ರದ ಅರ್ಜಿ ಈ ವರ್ಷವೂ ಹಾಕಿದ್ದೇವೆ.

ಹೊಸಬರು ಬಂದರೆ ಮೊದಲ ಹದಿನೈದು ದಿನ ನಾನು ಅವರಿಗೆ ನಿಜವಾದ ಆಕ್ಟಿವಿಟಿ, ಅಂದರೆ ವಿಕಿರಣ ಸೂಸುವ ಸರಕು, ಮುಟ್ಟಲು ಬಿಡುವುದಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಅದನ್ನು ನೀರಿಗೆ ಬೆರೆಸಿ ಬಾಟಲಿಗೆ ತುಂಬಿಡುತ್ತೇನೆ. ಟೇಬಲ್ಲಿಗೆ ಬಿಳಿ ಕಾಗದ, ಕೈಗೆ ಬಿಳಿ ಗವಸು. ಕಿಟ್ ಕಲಸಿ, ಐದು ಸಿರಿಂಜಿಗೆ ತುಂಬಿ, ಶೀಲ್ಡಿಗೆ ಹಾಕಿ, ಕ್ಯಾಲಿಬ್ರೇಟರಿಗೆ ಇಳಿಸಿ, ಗವಸು ಕಿತ್ತು ಬನ್ನಿ ಅನ್ನುತ್ತೇನೆ. ಮೊಬೈಲಿನಲ್ಲಿ ಟೈಮ್ ನೋಡುತ್ತೇನೆ. ಮುಗಿದ ಮೇಲೆ ಏನೂ ಹೇಳದೆ ಕನ್ನಡಿ ಕೊಡುತ್ತೇನೆ. ಒಬ್ಬನ ಮೂಗಿನ ತುದಿಯಲ್ಲಿ ನೀಲಿ ಇತ್ತು. ತುರಿಸಿಕೊಂಡದ್ದು ಅವನಿಗೆ ನೆನಪೇ ಇರಲಿಲ್ಲ. ಒಬ್ಬಳ ಪೆನ್ನು, ಕನ್ನಡಕದ ಕಡ್ಡಿ, ಬಾಗಿಲ ಹಿಡಿ. ನನ್ನ ಹಳೇ ತಪ್ಪು, ಗಾಳಿ ಎಳೆದುಕೊಳ್ಳದ್ದು, ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಮಾಡುತ್ತಾರೆ. ಕಾಗದದ ಮೇಲೆ ಸಣ್ಣ ಸಣ್ಣ ನೀಲಿ ಚುಕ್ಕಿ ಬೀಸಿ ಹೊಡೆದ ಹಾಗೆ ಬಿದ್ದಿರುತ್ತದೆ.

ಕಳೆದ ತಿಂಗಳು ಒಬ್ಬ ಹುಡುಗಿ ಸೇರಿದಳು, ಹಾಸನದ ಕಡೆಯವಳು. ಮೊದಲ ದಿನದ ನೀಲಿಯಲ್ಲಿ ಟೇಬಲ್ ಮೇಲೆ ಬರೀ ಎರಡು ಚುಕ್ಕಿ. ಶೀಲ್ಡ್ ಹಾಕುವಾಗ ಒದ್ದಾಡಿದಳು, ಆದರೆ ತೆಗೆದಿಡಲಿಲ್ಲ. ಗವಸು ಬಿಚ್ಚಿ ಕೈ ತೋರಿಸಿದಾಗ ನೋಡಿದೆ, ಮಣಿಕಟ್ಟಿನ ಬ್ಯಾಡ್ಜನ್ನು ಎಡಗೈಗೆ, ವಾಚಿನ ಪಕ್ಕದಲ್ಲೇ ಕಟ್ಟಿಕೊಂಡಿದ್ದಳು.

"ಬರೆಯೋದು ಯಾವ ಕೈಲಿ?" ಅಂದೆ.

ಏನೋ ತಪ್ಪಾಯಿತು ಅಂದುಕೊಂಡು ಗಾಬರಿಯಿಂದ ಬಲಗೈ ಎತ್ತಿದಳು. "ಇದ್ರಲ್ಲಿ ಅಕ್ಕ."

"ಸರಿ, ಹಂಗಾದ್ರೆ ಬ್ಯಾಡ್ಜ್ ಅಲ್ಲೇ ಇರ್ಲಿ. ವಾಚ್ ಬಿಚ್ಚು, ಗವಸು ಸರಿಯಾಗಿ ಮೇಲೆ ಬರಲ್ಲ."